ಜೋಳ ಸುರಿದರೆ ಬಂಡೂರು ರುಚಿ ಬರುವುದಿಲ್ಲ: ಕಟ್ಟಿ ಸಾಕುವ ಟಗರು ಮರಿಗಳ ಮೇವು, ಕೊಬ್ಬು ಮತ್ತು ಮಾಂಸ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ರೈತ. ಮಳವಳ್ಳಿ ಕಡೆಯಿಂದ ಮೂರೂವರೆ ತಿಂಗಳ 20 ಬಂಡೂರು ಟಗರು ಮರಿ ತಂದು ಕೊಟ್ಟಿಗೆಯಲ್ಲೇ ಸಾಕುತ್ತಿದ್ದೇನೆ. ತಂದಾಗ ಸರಾಸರಿ 11 ಕೆ.ಜಿ. ಇದ್ದವು. ಮೊದಲ ವಾರದಿಂದಲೇ ಪ್ರತಿ ಮರಿಗೆ ದಿನಕ್ಕೆ 400 ಗ್ರಾಂ ಮುಸುಕಿನ ಜೋಳದ ಹಿಟ್ಟು, 100 ಗ್ರಾಂ ಬೂಸಾ ಮತ್ತು ಕಬ್ಬಿನ ಸೋಗೆ ಕೊಡುತ್ತಿದ್ದೇನೆ. ಎರಡು ಮರಿ ಸತ್ತವು. ಒಂದಕ್ಕೆ ಹುಳಿ ವಾಸನೆಯ ಭೇದಿ ಆಗಿ, ಹಲ್ಲು ಕಡಿಯುತ್ತಾ ಎರಡು ದಿನ ನರಳಿತು. ಇನ್ನೊಂದು ಎಲ್ಲಕ್ಕಿಂತ ದಷ್ಟಪುಷ್ಟವಾಗಿದ್ದ ಮರಿ, ಸಂಜೆ ಚೆನ್ನಾಗಿ ತಿಂದು ಬೆಳಿಗ್ಗೆ ಸತ್ತು ಬಿದ್ದಿತ್ತು. 90 ದಿನಕ್ಕೆ ಸರಾಸರಿ 16.5 ಕೆ.ಜಿ. ಬಂದಿವೆ. ಐದನ್ನು ಮೈಸೂರಿನ ಮಟನ್ ಅಂಗಡಿಗೆ ಕೊಟ್ಟೆ. ‘ಹೊಟ್ಟೆಯೊಳಗೆಲ್ಲ ಕೊಬ್ಬು, ಮೈಮೇಲೆ ಮಾಂಸ ಇಲ್ಲ, ಬಂಡೂರು ರುಚಿಯೂ ಇಲ್ಲ’ ಎಂದರು. ಒಂದು ಮರಿಯ ಮಾಂಸ ಕಪ್ಪಗೆ, ಅಂಟಂಟಾಗಿತ್ತಂತೆ. ತಪ್ಪು ತಳಿಯದೋ, ಮೇವಿನದೋ? ಉಳಿದ 13 ಮರಿಗೆ ಈಗ ಏನು ಮಾಡಲಿ?

ಉತ್ತರ: ತಪ್ಪು ತಳಿಯದಲ್ಲ. ನಿಮ್ಮ ಮರಿಗಳಿಗೆ ಶಕ್ತಿ ಬೇಕಾದ್ದಕ್ಕಿಂತ ಹೆಚ್ಚು ಸಿಕ್ಕಿದೆ, ಪ್ರೋಟೀನು ಕಡಿಮೆ ಬಿದ್ದಿದೆ. ಬೆಳೆಯುವ ವಯಸ್ಸಿನಲ್ಲಿ ಹೀಗಾದರೆ ಮೈ ಕಟ್ಟುವುದಕ್ಕೆ ಸಾಮಗ್ರಿ ಸಾಲದೆ, ಮಿಕ್ಕ ಶಕ್ತಿಯೆಲ್ಲ ಹೊಟ್ಟೆಯೊಳಗೆ ಕೊಬ್ಬಾಗಿ ಕೂರುತ್ತದೆ. ಎರಡು ಮರಿ ಸತ್ತದ್ದಕ್ಕೂ ಇದೇ ಜೋಳ ದಾರಿ ಮಾಡಿಕೊಟ್ಟಿದೆ.

ಮೊದಲು ಲೆಕ್ಕ ನೋಡೋಣ. 12 ಕೆ.ಜಿ. ತೂಗುವ ಮರಿ ದಿನಕ್ಕೆ ತನ್ನ ತೂಕದ ಶೇ. 4ರಷ್ಟು, ಅಂದರೆ ಸುಮಾರು 500 ಗ್ರಾಂ ಒಣಪದಾರ್ಥ ತಿನ್ನುತ್ತದೆ. ನೀರಿನಂಶ ಕಳೆದು ಉಳಿಯುವುದೇ ಒಣಪದಾರ್ಥ. ಹಸಿ ಸೋಗೆ ಒಂದು ಕೆ.ಜಿ. ಹಾಕಿದರೆ ಒಣಪದಾರ್ಥ 250ರಿಂದ 300 ಗ್ರಾಂ ಮಾತ್ರ. ಬೆಳೆಯುವ ಮರಿಗೆ ಈ ಒಟ್ಟು ಆಹಾರದಲ್ಲಿ ಶೇ. 14ರಿಂದ 16 ಕಚ್ಚಾ ಪ್ರೋಟೀನು ಇರಬೇಕು. ಮುಸುಕಿನ ಜೋಳದಲ್ಲಿ ಇರುವುದು ಶೇ. 9ರ ಆಸುಪಾಸು, ಗೋಧಿ ಬೂಸಾದಲ್ಲಿ 14–15, ಕಬ್ಬಿನ ಸೋಗೆಯಲ್ಲಿ 5–6. ನೀವು ಕೊಟ್ಟದ್ದನ್ನೆಲ್ಲ ಕೂಡಿಸಿದರೆ ಶೇ. 10ಕ್ಕೆ ಬಂದು ನಿಲ್ಲುತ್ತದೆ. ಜೊತೆಗೆ ಹಿಟ್ಟು ಮತ್ತು ಬೂಸಾ ಸೇರಿ ಆಹಾರದ ಮುಕ್ಕಾಲು ಭಾಗಕ್ಕೂ ಮೀರಿಬಿಟ್ಟಿದೆ. ಮೆಲುಕು ಹಾಕುವ ಪ್ರಾಣಿಗೆ ಅದು ಹಿಡಿಸುವುದಿಲ್ಲ. 90 ದಿನಕ್ಕೆ 5.5 ಕೆ.ಜಿ. ಎಂದರೆ ದಿನಕ್ಕೆ 61 ಗ್ರಾಂ. ಇಷ್ಟು ಬೆಳವಣಿಗೆ ಚೆನ್ನಾಗಿ ಮೇಯಿಸಿ, ಸಂಜೆ ಒಂದು ಹಿಡಿ ಕಾಳು-ಹಿಂಡಿಯ ತಿಂಡಿ ಹಾಕಿದರೂ ಬರುತ್ತದೆ. ಬಂಡೂರು ಗಿಡ್ಡ ತಳಿ. ಬಯಲುಸೀಮೆಯ ಕೆಂಗುರಿ, ಯಳಗದಂತೆ ಎತ್ತರಕ್ಕೆ ಬೆಳೆಯುವುದಲ್ಲ, ಬಲಿತ ಟಗರೇ 35 ಕೆ.ಜಿ. ಆಸುಪಾಸು ತೂಗುತ್ತದೆ. ಆದ್ದರಿಂದ ದಿನಕ್ಕೆ 150 ಗ್ರಾಂ ಬರಲಿ ಎಂದು ಆಸೆಪಡಬೇಡಿ. ಸರಿಯಾದ ಮೇವಿನಲ್ಲಿ 80ರಿಂದ 100 ಗ್ರಾಂ ಬಂದರೆ ಅದೇ ಒಳ್ಳೆಯ ಬೆಳವಣಿಗೆ. ಇದಕ್ಕಿಂತ ಜೋರಾಗಿ ತೂಕ ಏರಿಸಲು ಹೋದರೆ ಏರುವುದು ಕೊಬ್ಬು.

ಕುರಿಯ ಮೈಯಲ್ಲಿ ಕೊಬ್ಬು ಕೂರುವುದಕ್ಕೆ ಒಂದು ಕ್ರಮವಿದೆ. ಮೊದಲು ಮೂತ್ರಪಿಂಡದ ಸುತ್ತ ಮತ್ತು ಕರುಳಿನ ಮೇಲೆ ಬಲೆಯಂತೆ. ಆಮೇಲೆ ಸ್ನಾಯುಗಳ ಸಂದಿಯಲ್ಲಿ. ನಂತರ ಚರ್ಮದ ಕೆಳಗೆ. ಕಟ್ಟಕಡೆಗೆ ಸ್ನಾಯುವಿನ ಒಳಗೆ, ಎಳೆಎಳೆಗಳ ನಡುವೆ. ಬಂಡೂರು ಮಾಂಸಕ್ಕೆ ಹೆಸರು ಬಂದಿರುವುದು ಈ ಕಡೆಯ ಕೊಬ್ಬಿನಿಂದ. ಬೇಯುವಾಗ ಅದು ಕರಗಿ ಎಳೆಗಳನ್ನು ಒಳಗಿನಿಂದಲೇ ನೆನೆಸುತ್ತದೆ, ಅದಕ್ಕೇ ತುಂಡು ಬಾಯಲ್ಲಿಟ್ಟರೆ ಮೆತ್ತಗಿರುತ್ತದೆ. ಎಳೆಗಳ ನಡುವೆ ಕೊಬ್ಬು ಹಿಡಿಯುವ ಗುಣ ತಳಿಯಲ್ಲಿದೆ. ಆದರೆ ಅದು ಕೂರಬೇಕಾದರೆ ಮೊದಲು ಅಲ್ಲೊಂದು ಸ್ನಾಯು ಇರಬೇಕು! ಮೂರೂವರೆ ತಿಂಗಳ ಮರಿ ಸ್ನಾಯು ಕಟ್ಟುವ ವಯಸ್ಸಿನದು. ಆಗ ಪ್ರೋಟೀನು ಹೆಚ್ಚಿರುವ ಹಿಂಡಿ ಬೇಕು. ಕೊನೆಯ 40–45 ದಿನ ಜೋಳ ಬೇಕು. ನೀವು ಕೊನೆಗೆ ಕೊಡಬೇಕಾದದ್ದನ್ನು ಮೊದಲೇ ಕೊಟ್ಟಿದ್ದೀರಿ.

ಹಣದ ದೃಷ್ಟಿಯಿಂದಲೂ ಇದು ನಷ್ಟ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರಿರುತ್ತದೆ, ಕೊಬ್ಬಿನಲ್ಲಿ ನೀರು ಅತಿ ಕಡಿಮೆ. ಒಂದು ಕೆ.ಜಿ. ಮಾಂಸ ಕಟ್ಟುವುದಕ್ಕಿಂತ ಒಂದು ಕೆ.ಜಿ. ಕೊಬ್ಬು ಕಟ್ಟುವುದಕ್ಕೆ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಖರ್ಚಾಗುತ್ತದೆ. ದುಬಾರಿ ಜೋಳ ತಿನ್ನಿಸಿ ಬೆಳೆಸಿದ ಬಲೆ ಕೊಬ್ಬನ್ನು ಅಂಗಡಿಯವರು ಕಿತ್ತು ಬದಿಗಿಡುತ್ತಾರೆ.

ರುಚಿಗೂ ಜೋಳಕ್ಕೂ ಇನ್ನೊಂದು ನಂಟಿದೆ. ಕಾಳು ಅತಿಯಾದಾಗ ಮೊದಲ ಹೊಟ್ಟೆಯಲ್ಲಿ ಪ್ರೊಪಿಯಾನಿಕ್ ಆಮ್ಲ ಹೆಚ್ಚು ಹುಟ್ಟುತ್ತದೆ. ಪಿತ್ತಜನಕಾಂಗ ಅದನ್ನೆಲ್ಲ ಬಳಸಿಕೊಳ್ಳಲಾಗದೆ ಹೋದಾಗ ಕವಲೊಡೆದ ಕೊಬ್ಬಿನಾಮ್ಲಗಳು ತಯಾರಾಗಿ ಚರ್ಮದ ಕೆಳಗಿನ ಕೊಬ್ಬಿಗೆ ಸೇರುತ್ತವೆ. ಅಂಥ ಕೊಬ್ಬು ಬಿಗಿಯಾಗಿ ಬೆಳ್ಳಗಿರದೆ ಮೆತ್ತಗೆ, ಜಿಡ್ಡುಜಿಡ್ಡಾಗಿರುತ್ತದೆ. ಟಗರಿನ ಮಾಂಸದ ಘಾಟು ವಾಸನೆಗೂ ಇದೇ ಜಾತಿಯ ಕೆಲವು ಆಮ್ಲಗಳು ಕಾರಣ. ಟಗರು ಪ್ರಾಯಕ್ಕೆ ಬರುವ ವಯಸ್ಸು ದಾಟಿದ ಮೇಲೆ ಇವು ಇನ್ನೂ ಏರುತ್ತವೆ. ನಾರಿನ ಮೇವು ಅರ್ಧದಷ್ಟಾದರೂ ಇದ್ದರೆ ಈ ತೊಂದರೆ ಬರುವುದಿಲ್ಲ.

ಈಗ ಸತ್ತ ಮರಿಗಳ ವಿಚಾರ. ಮೊದಲನೆಯದಕ್ಕೆ ಆದದ್ದು ಹೊಟ್ಟೆ ಹುಳಿಯಾಗುವ ಕಾಯಿಲೆ, ಅಸಿಡೋಸಿಸ್. ಹುಲ್ಲು ತಿಂದು ಬಂದ ಮರಿಯ ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿರುತ್ತವೆ. ಪಿಷ್ಟ ತಿನ್ನುವವು ಹೆಚ್ಚಿ ಹೊಂದಿಕೊಳ್ಳುವುದಕ್ಕೆ ಎರಡರಿಂದ ಮೂರು ವಾರ ಬೇಕು. ಒಮ್ಮೆಲೇ 400 ಗ್ರಾಂ ಹಿಟ್ಟು ಬಿದ್ದರೆ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಗಂಟೆಗಳಲ್ಲೇ ತುಂಬಿಕೊಳ್ಳುತ್ತವೆ. 6ರ ಮೇಲಿರಬೇಕಾದ ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) 5ಕ್ಕಿಂತ ಕೆಳಗೆ ಇಳಿಯುತ್ತದೆ. ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಂಡು ಮರಿ ಒಳಗೊಳಗೇ ಒಣಗುತ್ತದೆ. ಗುಂಡು ಹಿಕ್ಕೆ ಹೋಗಿ ಬೂದು ಬಣ್ಣದ, ಹುಳಿ ವಾಸನೆಯ ಸಡಿಲ ಸಗಣಿ ಕಂಡರೆ, ಮೆಲುಕು ನಿಂತರೆ, ಹಲ್ಲು ಕಡಿದರೆ ಕೂಡಲೇ ಕಾಳು ನಿಲ್ಲಿಸಿ. ಒಣ ರಾಗಿ ಹುಲ್ಲು ಮಾತ್ರ ಹಾಕಿ. 15–20 ಕೆ.ಜಿ. ಮರಿಗೆ 15ರಿಂದ 20 ಗ್ರಾಂ ಅಡುಗೆ ಸೋಡಾವನ್ನು ಕಾಲು ಲೀಟರ್ ನೀರಿನಲ್ಲಿ ಕದಡಿ, ತಲೆ ಮೇಲೆತ್ತಿಸದೆ ನಿಧಾನವಾಗಿ ಕುಡಿಸಿ. ಉಸಿರುಗೊಳವೆಗೆ ಹೋದರೆ ನ್ಯುಮೋನಿಯಾ ಆಗುತ್ತದೆ. ಮಲಗಿ ಏಳದ ಮರಿಗೆ ಸೋಡಾ ಸಾಲದು, ಪಶುವೈದ್ಯರು ರಕ್ತನಾಳಕ್ಕೆ ದ್ರಾವಣ ಕೊಡಬೇಕು. ಮದುವೆ ಮನೆಯಲ್ಲಿ ಮಿಕ್ಕ ಅನ್ನ, ಮುದ್ದೆ ಹಾಕಿದಾಗಲೂ ಹೀಗೇ ಆಗುತ್ತದೆ. ಅದನ್ನು ಕುರಿಗೆ ಹಾಕಲೇಬೇಡಿ.

ಎರಡನೆಯ ಮರಿಯ ಲಕ್ಷಣ ಕರುಳುಬೇನೆಯದು, ಲಸಿಕೆ ಹಾಕುವವರು ಇ.ಟಿ. ಎನ್ನುತ್ತಾರೆ. ಕರುಳಿನಲ್ಲಿ ಮೊದಲೇ ಇರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾಕ್ಕೆ ಕರಗದ ಪಿಷ್ಟ ಯಥೇಚ್ಛ ಸಿಕ್ಕರೆ ಅದು ಬೆಳೆದು ವಿಷ ಬಿಡುತ್ತದೆ. ಹೆಚ್ಚು ತಿನ್ನುವ ಮರಿಗೇ ಮೊದಲು ತಗಲುತ್ತದೆ, ಹಾಗಾಗಿ ಹಿಂಡಿನಲ್ಲಿ ಚೆನ್ನಾಗಿರುವುದೇ ಸಾಯುತ್ತದೆ. ಖಚಿತವಾಗಬೇಕಾದರೆ ಸತ್ತ ಕೂಡಲೇ ಮರಣೋತ್ತರ ಪರೀಕ್ಷೆ ಮಾಡಿಸಬೇಕಿತ್ತು. ಚಿಕಿತ್ಸೆಗೆ ಸಮಯವೇ ಸಿಗದ ಕಾಯಿಲೆ ಇದು, ಲಸಿಕೆಯೊಂದೇ ದಾರಿ. ಕಾಳು ಏರಿಸುವ ಮೊದಲು ಒಂದು, 15ರಿಂದ 21 ದಿನ ಬಿಟ್ಟು ಇನ್ನೊಂದು ಹಾಕಿಸಬೇಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಪಿಪಿಆರ್ ಎಂಬ, ಕುರಿ-ಮೇಕೆಗೆ ಬರುವ ಸಾಂಕ್ರಾಮಿಕ ರೋಗದ ಲಸಿಕೆ ಆಗಿದೆಯೇ ಎಂಬುದನ್ನೂ ಆಗಲೇ ಕೇಳಿಬಿಡಿ.

ಮುಂದಿನ ತಂಡಕ್ಕೆ ಮೇವು ಹೀಗೆ ಜೋಡಿಸಿ. ಮೊದಲ ಎರಡು ತಿಂಗಳಿಗೆ 100 ಕೆ.ಜಿ. ತಿಂಡಿ ಕಲಸುವುದಾದರೆ ಮುಸುಕಿನ ಜೋಳದ ನುಚ್ಚು 40, ಕಡಲೆಕಾಯಿ ಹಿಂಡಿ 25, ಗೋಧಿ ಬೂಸಾ 20, ಹುರುಳಿ ನುಚ್ಚು 11, ಖನಿಜ ಮಿಶ್ರಣ 2, ಸುಣ್ಣದ ಕಲ್ಲಿನ ಪುಡಿ 1, ಉಪ್ಪು 1 ಕೆ.ಜಿ. ಇದರಲ್ಲಿ ಪ್ರೋಟೀನು ಶೇ. 19ರಿಂದ 20 ಬರುತ್ತದೆ. ಕೊನೆಯ 40–45 ದಿನಕ್ಕೆ ಜೋಳವನ್ನು 55ಕ್ಕೆ ಏರಿಸಿ, ಹಿಂಡಿಯನ್ನು 15ಕ್ಕೆ, ಬೂಸಾವನ್ನು 15ಕ್ಕೆ ಇಳಿಸಿ, ಮಿಕ್ಕದ್ದು ಹಾಗೇ ಇರಲಿ. ಆಗ ಪ್ರೋಟೀನು ಶೇ. 16ರ ಹತ್ತಿರ ನಿಲ್ಲುತ್ತದೆ. ಕಲಸುವಾಗ ಖನಿಜ, ಸುಣ್ಣದ ಕಲ್ಲಿನ ಪುಡಿ, ಉಪ್ಪನ್ನು ಮೊದಲು ಐದು ಕೆ.ಜಿ. ಬೂಸಾದಲ್ಲಿ ಬೆರೆಸಿಕೊಂಡು, ಆಮೇಲೆ ದೊಡ್ಡ ರಾಶಿಗೆ ಸೇರಿಸಿ. ನೇರವಾಗಿ ರಾಶಿಯ ಮೇಲೆ ಉದುರಿಸಿದರೆ ಒಂದು ಮರಿಗೆ ಹಿಡಿ ಉಪ್ಪು, ಇನ್ನೊಂದಕ್ಕೆ ಏನೂ ಇಲ್ಲ ಎಂಬಂತಾಗುತ್ತದೆ.

ಜೋಳ ಹಿಟ್ಟಾಗಬಾರದು. ಗಿರಣಿಯವರಿಗೆ ಹೇಳಿ ಒಂದು ಕಾಳು ಮೂರು ನಾಲ್ಕು ಚೂರಾಗುವಂತೆ ಒಡೆಸಿ. ನುಣ್ಣಗಾದಷ್ಟೂ ಬೇಗ ಹುಳಿಯುತ್ತದೆ, ಮೂಗಿಗೆ ಏರಿ ಕೆಮ್ಮೂ ಬರುತ್ತದೆ. ಹಿಂಡಿಯನ್ನು ಮೂಸಿ ನೋಡಿ ತನ್ನಿ. ಮುಗ್ಗುಲು ವಾಸನೆ ಬಂದರೆ, ಬೂಷ್ಟು ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಅದರಲ್ಲಿರುವ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ.

ಹೊಸ ಮರಿಗೆ ಮೊದಲ ನಾಲ್ಕು ದಿನ 50 ಗ್ರಾಂ ತಿಂಡಿ ಸಾಕು. ನಾಲ್ಕು ದಿನಕ್ಕೊಮ್ಮೆ 50 ಗ್ರಾಂ ಏರಿಸುತ್ತಾ ಮೂರು ವಾರ ಕಳೆಯುವಾಗ 300 ಗ್ರಾಂಗೆ ತಲುಪಿ. ಏರಿಸಿದ ದಿನ ಹಿಕ್ಕೆ ಮೆತ್ತಗಾದರೆ ಹಿಂದಿನ ಅಳತೆಗೆ ಇಳಿದು ಎರಡು ದಿನ ಕಾಯಿರಿ. ಬೆಳಿಗ್ಗೆ ಮೊದಲು ಒಣ ಮೇವು ಹಾಕಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ತಿಂಡಿ ಹಾಕಿ. ದಿನದ ತಿಂಡಿಯನ್ನು ಎರಡು ಪಾಲು ಮಾಡಿ. ಗೋದಲಿಯಲ್ಲಿ ಮರಿಯೊಂದಕ್ಕೆ ಒಂದು ಅಡಿ ಜಾಗ ಇರಲೇಬೇಕು. ಜಾಗ ಸಾಲದಿದ್ದರೆ ಜೋರಿನ ಮರಿ ಎರಡು ಪಾಲು ತಿಂದು ಹೊಟ್ಟೆ ಹುಳಿ ಮಾಡಿಕೊಳ್ಳುತ್ತದೆ, ಸಣ್ಣದು ಬಡಕಲಾಗುತ್ತದೆ. ಸಾಧ್ಯವಾದರೆ ಗಾತ್ರ ನೋಡಿ ಎರಡು ಗುಂಪು ಮಾಡಿ.

ಮೇವಿನ ಬಗ್ಗೆ ಹೇಳುವುದಾದರೆ, ಮಂಡ್ಯ ಸೀಮೆಯಲ್ಲಿ ಸೋಗೆ ಸುಲಭವಾಗಿ ಸಿಗುತ್ತದೆಂದು ಅದನ್ನೇ ನೆಚ್ಚಿಕೊಳ್ಳುವವರು ಬಹಳ. ಸೋಗೆ ಹೊಟ್ಟೆ ತುಂಬಿಸುತ್ತದೆ, ಪ್ರೋಟೀನು ತರುವುದಿಲ್ಲ. ಇಡೀ ಸೋಗೆ ಹಾಕಿದರೆ ಕುರಿ ಎಳೆ ಎಲೆ ಆರಿಸಿ ತಿಂದು ಅರ್ಧ ತುಳಿದು ಹಾಕುತ್ತದೆ. ಒಂದು ಇಂಚಿಗೆ ಕತ್ತರಿಸಿ ಹಾಕಿ, ಹಸಿ ಮೇವಿನ ಅರ್ಧಕ್ಕಿಂತ ಹೆಚ್ಚು ಬೇಡ. ಭತ್ತದ ಹುಲ್ಲಿಗಿಂತ ರಾಗಿ ಹುಲ್ಲು ಮೇಲು. ಭತ್ತದ ಹುಲ್ಲಿನಲ್ಲಿ ಸಿಲಿಕಾ, ಆಕ್ಸಲೇಟ್ ಹೆಚ್ಚು, ಕ್ಯಾಲ್ಸಿಯಂ ಮೈಗೆ ಹಿಡಿಯಲು ಬಿಡುವುದಿಲ್ಲ. ರಾಗಿ ಹುಲ್ಲಿಗಿಂತಲೂ ಹುರುಳಿ ಹೊಟ್ಟು, ಅವರೆ ಹೊಟ್ಟು ಮೇಲು. ಕಣದಲ್ಲಿ ಸಿಕ್ಕಾಗಲೇ ತುಂಬಿಟ್ಟುಕೊಳ್ಳಿ, ಪ್ರೋಟೀನು ಭತ್ತದ ಹುಲ್ಲಿನ ಎರಡರಷ್ಟಾದರೂ ಇರುತ್ತದೆ.

ನಿಮ್ಮ ಕಡೆ ರೇಷ್ಮೆ ಇದ್ದರೆ ಅದು ಭಾಗ್ಯ. ಹಿಪ್ಪುನೇರಳೆ ಸೊಪ್ಪಿನ ಒಣಪದಾರ್ಥದಲ್ಲಿ ಪ್ರೋಟೀನು ಶೇ. 15ರಿಂದ 20 ಇದೆ, ಕುರಿ ಆಸೆಯಿಂದ ತಿನ್ನುತ್ತದೆ. 15 ಕೆ.ಜಿ. ಮರಿಗೆ 700–800 ಗ್ರಾಂ ಹಸಿ ಸೊಪ್ಪು ಸಿಕ್ಕಿದರೆ ಹಿಂಡಿಯಲ್ಲಿ ಮೂರನೆಯ ಒಂದು ಪಾಲು ಉಳಿಸಬಹುದು. ಆದರೆ ಹುಳು ತಿಂದು ಬಿಟ್ಟ ಕಡ್ಡಿ ತರುವಾಗ ಎಚ್ಚರ. ಹುಳುವಿನ ಹಾಸಿಗೆಗೆ ಸುಣ್ಣ, ಸೋಂಕುನಿವಾರಕ ಪುಡಿ ಉದುರಿಸಿರುತ್ತಾರೆ. ತೋಟಕ್ಕೆ ಔಷಧ ಹೊಡೆದಿರಲೂಬಹುದು. ಕೇಳಿ ತಿಳಿದು, ಪುಡಿ ಬಿದ್ದಿರದ ಕಡ್ಡಿಯನ್ನಷ್ಟೇ ತನ್ನಿ. ಸುಬಾಬುಲ್ ಸೊಪ್ಪು ಹಸಿ ಮೇವಿನ ಮೂರನೆಯ ಒಂದು ಭಾಗ ದಾಟಿದರೆ ಕೂದಲು ಉದುರುತ್ತದೆ. ಅಗಸೆ ಮರದ ಸೊಪ್ಪು, ನುಗ್ಗೆ ಸೊಪ್ಪು ಚಿಂತೆಯಿಲ್ಲ. ಸ್ವಂತ ಮೇವು ಬೆಳೆಯುವ ಮನಸ್ಸಿದ್ದರೆ ಮಂಡ್ಯದ ವಿ.ಸಿ. ಫಾರಂನಲ್ಲಿ ಮೇವಿನ ಬೆಳೆಗಳ ಸಂಶೋಧನೆ ನಡೆಯುತ್ತದೆ, ಬೀಜ ಮತ್ತು ಕಡ್ಡಿಯ ವಿಚಾರ ಅಲ್ಲಿ ಕೇಳಬಹುದು.

ನಾಲೆ ಬಯಲಿನಲ್ಲಿ ಇನ್ನೊಂದು ಅಪಾಯವಿದೆ. ವಿಶ್ವೇಶ್ವರಯ್ಯ ನಾಲೆಯ ಅಂಚು, ಗದ್ದೆ ಬದು, ಕೆರೆ ಹಿಂಭಾಗದ ಹಸಿ ಹುಲ್ಲಿನಲ್ಲಿ ಬಸವನಹುಳುವಿನಿಂದ ಹೊರಬಿದ್ದ ಲಿವರ್ ಫ್ಲೂಕ್ ಎಂಬ ಪಿತ್ತಜನಕಾಂಗದ ಹುಳುವಿನ ಮರಿಗಳು ಅಂಟಿಕೊಂಡಿರುತ್ತವೆ. ಎಷ್ಟು ತಿಂದರೂ ಮೈ ಹಿಡಿಯದ, ಸಂಜೆ ಹೊತ್ತಿಗೆ ಗದ್ದದ ಕೆಳಗೆ ನೀರು ತುಂಬಿದಂತೆ ಊದುವ ಮರಿ ಕಂಡರೆ ಇದನ್ನೇ ಅನುಮಾನಿಸಿ. ಸಾಮಾನ್ಯ ಜಂತಿನ ಔಷಧ ಎಲ್ಲ ಫ್ಲೂಕನ್ನೂ ಕೊಲ್ಲುವುದಿಲ್ಲ. ಹಿಕ್ಕೆ ಪರೀಕ್ಷೆ ಮಾಡಿಸಿ ಔಷಧ ಕೇಳಿ. ಯಾವುದೇ ಔಷಧದ ಚೀಟಿಯಲ್ಲಿ ಮಾಂಸಕ್ಕೆ ಎಷ್ಟು ದಿನ ಬಿಡಬೇಕೆಂದು ಬರೆದಿರುತ್ತದೆ. ಅಷ್ಟು ದಿನ ಕಳೆಯದೆ ಮರಿ ಮಾರಬೇಡಿ, ತಿನ್ನುವವರ ಆರೋಗ್ಯದ ಪ್ರಶ್ನೆ ಇದು.

ಖನಿಜ ಮಿಶ್ರಣ ಎಂದೊಡನೆ ಮನೆಯಲ್ಲಿರುವ ಹಸುವಿನ ಪುಡಿ ಬಳಸಬೇಡಿ. ಅದರಲ್ಲಿ ತಾಮ್ರ ಹೆಚ್ಚು. ತಾಮ್ರವನ್ನು ಹೊರಹಾಕುವ ಶಕ್ತಿ ಕುರಿಗೆ ಬಹಳ ಕಡಿಮೆ, ತಿಂಗಳುಗಟ್ಟಲೆ ಪಿತ್ತಜನಕಾಂಗದಲ್ಲಿ ಕೂಡಿಟ್ಟುಕೊಂಡು ಒಂದು ದಿನ ಇದ್ದಕ್ಕಿದ್ದಂತೆ ಕಣ್ಣು ಹಳದಿಯಾಗಿ, ಮೂತ್ರ ಕೆಂಪಗಾಗಿ ಸಾಯುತ್ತದೆ. ಕೋಳಿ ಆಹಾರವೂ ಇದೇ ಕಾರಣಕ್ಕೆ ಬೇಡ. ಕುರಿಗೆಂದೇ ತಯಾರಿಸಿದ ಮಿಶ್ರಣ ಕೇಳಿ ತನ್ನಿ.

ಸುಣ್ಣದ ಕಲ್ಲಿನ ಪುಡಿ ಏಕೆ ಎಂದರೆ, ಜೋಳ, ಬೂಸಾ ಎರಡರಲ್ಲೂ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಒಟ್ಟು ಆಹಾರದಲ್ಲಿ ಕ್ಯಾಲ್ಸಿಯಂ ರಂಜಕದ ಎರಡರಷ್ಟು ಇರಬೇಕು. ಇಲ್ಲದಿದ್ದರೆ ಟಗರಿನ ಸಪೂರ ಮೂತ್ರನಾಳದಲ್ಲಿ ಮರಳಿನಂಥ ಕಲ್ಲು ಕಟ್ಟುತ್ತದೆ. ಹೀಲು ಮಾಡಿದ, ಅಂದರೆ ಬೀಜ ಒಡೆದ ಮರಿಯಲ್ಲಿ ನಾಳ ಇನ್ನೂ ಸಪೂರ. ಬಾಲ ಬಡಿಯುತ್ತಾ, ಬೆನ್ನು ಬಾಗಿಸಿ ಮುಕ್ಕಿದರೂ ಹನಿಹನಿ ಬರುತ್ತಿದ್ದರೆ, ಮುಂದೊಗಲ ಕೂದಲಿನಲ್ಲಿ ಹರಳು ಅಂಟಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. 100 ಕೆ.ಜಿ. ತಿಂಡಿಗೆ ಅರ್ಧ ಕೆ.ಜಿ. ಅಮೋನಿಯಂ ಕ್ಲೋರೈಡ್ ಸೇರಿಸಿದರೆ ಮೂತ್ರ ಆಮ್ಲೀಯವಾಗಿ ಈ ಕಲ್ಲು ಕಟ್ಟುವುದು ತಪ್ಪುತ್ತದೆ. ನೀರು ಯಾವಾಗಲೂ ತೊಟ್ಟಿಯಲ್ಲಿರಲಿ. ಒಣ ಮೇವು ತಿನ್ನುವ ಮರಿ ದಿನಕ್ಕೆ ಒಂದೂವರೆಯಿಂದ ಎರಡೂವರೆ ಲೀಟರ್ ಕುಡಿಯುತ್ತದೆ.

ಮಾರುವ ಹೊತ್ತು ಯಾವುದೆಂದು ತೂಕದಿಂದ ಮಾತ್ರ ತಿಳಿಯುವುದಿಲ್ಲ, ಕೈಯಿಂದ ಮುಟ್ಟಿ ನೋಡಬೇಕು. ಮರಿ ಸಮನಾಗಿ ನಿಂತಿರುವಾಗ ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಗೆ ಮುಂಚೆ ಬೆನ್ನಿನ ಮೇಲೆ ಅಂಗೈ ಇಡಿ. ಹೆಬ್ಬೆರಳು ನಡುಬೆನ್ನಿನ ಏಣಿನ ಮೇಲೆ, ಉಳಿದ ಬೆರಳು ಪಕ್ಕಕ್ಕೆ ಚಾಚಿದ ಮೂಳೆಗಳ ತುದಿಯ ಮೇಲೆ ಇರಲಿ. ಎರಡೂ ಚೂಪಾಗಿ ಸಿಕ್ಕಿ ಬೆರಳು ಮೂಳೆಯ ಕೆಳಗೆ ಸಲೀಸಾಗಿ ತೂರಿದರೆ ಇನ್ನೂ ಎಳಸು. ನಡುಬೆನ್ನು ನುಣುಪಾಗಿ, ಒತ್ತಿದರೆ ಮಾತ್ರ ತಿಳಿದು, ಪಕ್ಕದ ಮೂಳೆಯ ತುದಿಗಳು ದುಂಡಗೆ ಮುಚ್ಚಿಕೊಂಡಿದ್ದರೆ ಹದ ಬಂದಿದೆ. ಒತ್ತಿದರೂ ಮೂಳೆ ಸಿಗದೆ, ಬಾಲದ ಬುಡ ಮೆತ್ತಗೆ ಉಬ್ಬಿದ್ದರೆ ಹದ ಮೀರಿದೆ, ಅಲ್ಲಿಂದ ಮುಂದೆ ಹಾಕುವ ತಿಂಡಿಯೆಲ್ಲ ಬಲೆ ಕೊಬ್ಬಿಗೆ. ಹದ ಬಂದ ಬಂಡೂರು ಮರಿಯನ್ನು ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ತಲೆಕೆಳಗಾದ ಯು ಆಕಾರ ತುಂಬಿಕೊಂಡು ಕಾಣುತ್ತದೆ. ತಳಿ ಶುದ್ಧವೇ ಎಂದು ನೋಡುವವರೂ ಇದನ್ನೇ ನೋಡುತ್ತಾರೆ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಯ ಸರ್ಕಾರಿ ಸಂವರ್ಧನಾ ಕೇಂದ್ರವಿದೆ, ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ.

ಕಪ್ಪಾಗಿದ್ದ ಮಾಂಸದ ಸಂಗತಿಗೂ ಮೇವಿಗೂ ಸಂಬಂಧವಿದೆ, ಆದರೆ ಅದು ಕೊನೆಯ ದಿನದ ಮೇವು. ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಕೊಯ್ದ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾಂಸದ ಪಿಎಚ್ 7ರಿಂದ 5.5–5.8ಕ್ಕೆ ಇಳಿಯಬೇಕು. ಆಗಲೇ ಬಣ್ಣ, ಬಾಳಿಕೆ. ಗೂಡ್ಸ್ ಆಟೋದಲ್ಲಿ ತುಂಬಿ, ಬಿಸಿಲಲ್ಲಿ ಅಲೆದಾಡಿಸಿ, ಗುರುತಿಲ್ಲದ ಟಗರುಗಳ ಜೊತೆ ಕೂಡಿ ಗುದ್ದಾಡಲು ಬಿಟ್ಟು, ದಿನವಿಡೀ ಉಪವಾಸ ಕೆಡವಿದರೆ ಆ ದಾಸ್ತಾನು ಖಾಲಿಯಾಗುತ್ತದೆ. ಪಿಎಚ್ 6ರ ಮೇಲೇ ಉಳಿದು ಮಾಂಸ ಕಪ್ಪಗೆ, ಒಣಗಿದಂತೆ, ಅಂಟಾಗುತ್ತದೆ, ಬೇಗ ಹಳಸುತ್ತದೆ. ಸಾಗಿಸುವ ಹಿಂದಿನ ಸಂಜೆಯವರೆಗೆ ಮಾಮೂಲಿ ತಿಂಡಿ ಹಾಕಿ. ಕೊಯ್ಯುವ ಮುಂಚೆ 12 ಗಂಟೆ ಮೇವು ಬೇಡ, ನೀರು ಮಾತ್ರ ಕೊನೆಯವರೆಗೂ ಇರಲಿ. ನಿಮ್ಮ ಮರಿಗಳನ್ನು ನಿಮ್ಮವುಗಳ ಜೊತೆಯಲ್ಲೇ, ತಣ್ಣನೆ ಹೊತ್ತಿನಲ್ಲಿ ಕಳಿಸಿ. ಹಿಡಿಯುವಾಗ ಉಣ್ಣೆ ಹಿಡಿದು ಎಳೆಯಬೇಡಿ, ಕೆಳಗೆ ನೆತ್ತರು ಕಟ್ಟಿ ಆ ಜಾಗದ ಮಾಂಸ ಕೆಡುತ್ತದೆ.

ಮನೆಗೆ ತಂದ ಬಿಸಿ ಮಾಂಸವನ್ನು ನೇರವಾಗಿ ಫ್ರೀಜರಿಗೆ ಹಾಕುವ ಗಿರಾಕಿಗಳಿಗೂ ಒಂದು ಮಾತು ತಿಳಿಸಿ. ಆಮ್ಲ ಕೂಡಿ ಪಿಎಚ್ ಇಳಿಯುವ ಮೊದಲೇ ಮಾಂಸ 10 ಡಿಗ್ರಿಗಿಂತ ತಣ್ಣಗಾದರೆ ಎಳೆಗಳು ಸೆಟೆದುಕೊಂಡು, ಎಷ್ಟು ಬೇಯಿಸಿದರೂ ರಬ್ಬರಿನಂತೆಯೇ ಉಳಿಯುತ್ತದೆ. ಕೊಯ್ದ ಒಂದೆರಡು ಗಂಟೆಯೊಳಗೆ ಅಡುಗೆ ಮಾಡಲಿ. ಇಲ್ಲವೇ ಅಂಗಡಿಯವರು ಇಡೀ ತೊಡೆಯನ್ನು ತಂಪಾದ ಜಾಗದಲ್ಲಿ ಎಂಟು ಹತ್ತು ಗಂಟೆ ತೂಗುಹಾಕಿ, ಆಮೇಲೆ ಫ್ರಿಜ್ಜಿನಲ್ಲಿ ಒಂದು ದಿನ ಇಟ್ಟು ಕೊಡಲಿ.

ಇನ್ನು ನಿಮ್ಮ 13 ಮರಿ. ಅವಕ್ಕೀಗ ಆರೂವರೆ ತಿಂಗಳು, ಸ್ನಾಯು ಕಟ್ಟುವ ಕಾಲ ಇನ್ನೂ ಮುಗಿದಿಲ್ಲ. ಈ ವಾರವೇ ಕರುಳುಬೇನೆ ಲಸಿಕೆ ಹಾಕಿಸಿ, ಹಿಕ್ಕೆ ಪರೀಕ್ಷೆಗೆ ಕೊಡಿ. 400 ಗ್ರಾಂ ಹಿಟ್ಟು ಬಿಟ್ಟು, ಮೇಲೆ ಹೇಳಿದ ಮೊದಲ ಮಿಶ್ರಣವನ್ನು 300 ಗ್ರಾಂ ಹಾಕಿ. ಬದಲಾವಣೆಯನ್ನು ಏಳೆಂಟು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡಿ. ಜೊತೆಗೆ 200 ಗ್ರಾಂ ಹುರುಳಿ ಹೊಟ್ಟು, ಅರ್ಧ ಕೆ.ಜಿ. ಹಿಪ್ಪುನೇರಳೆ ಅಥವಾ ಅಗಸೆ ಸೊಪ್ಪು, ಮಿಕ್ಕಂತೆ ಕತ್ತರಿಸಿದ ಸೋಗೆ ಇರಲಿ. ದಿನಕ್ಕೆ ಎರಡು ಗಂಟೆ ಬಯಲಿಗೆ ಬಿಡಿ. 15 ದಿನಕ್ಕೊಮ್ಮೆ, ಬೆಳಿಗ್ಗೆ ಮೇವು ಹಾಕುವ ಮೊದಲು ತೂಗಿ ಬರೆದಿಡಿ. 21–22 ಕೆ.ಜಿ. ಮುಟ್ಟಿ ಬೆನ್ನು ಹದಕ್ಕೆ ಬಂದವನ್ನು ಆಗಲೇ ಮಾರಿ, ಉಳಿದವಕ್ಕೆ ತಿಂಗಳೊಪ್ಪತ್ತು ಎರಡನೆಯ ಮಿಶ್ರಣ ಕೊಟ್ಟು ನೋಡಿ. ಮುಂದಿನ ಸಲ ಐದಾರು ಮರಿಯನ್ನು ಅಂಗಡಿಗೆ ಕೊಟ್ಟಾಗ ನೀವೇ ನಿಂತು ಮೂತ್ರಪಿಂಡದ ಸುತ್ತಲಿನ ಕೊಬ್ಬನ್ನು ತೂಗಿಸಿ ಬರೆದುಕೊಳ್ಳಿ. ಆ ಒಂದು ಅಂಕಿ ಕೈಯಲ್ಲಿದ್ದರೆ ನಂತರದ ತಂಡಕ್ಕೆ ಜೋಳ ಏರಿಸಬೇಕೋ ಇಳಿಸಬೇಕೋ ನಿಮಗೇ ತಿಳಿಯುತ್ತದೆ.